ಪದವಿಯ ಮುಂದಣ ದಾರಿ: ಕೆಂಗಲ್ ಹನುಮಂತಯ್ಯನವರ ಜೀವನ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣದ ಕಡೆಗೆ ಸಾಗುವಾಗ ರಸ್ತೆಯ ಪಕ್ಕದಲ್ಲಿಯೇ ಕೆಂಗಲ್ ಆಂಜನೇಯಸ್ವಾಮಿಯ ದೇವಾಲಯವಿದೆ. ಕೆಂಪು ಕಲ್ಲಿನಲ್ಲಿ ಮೂಡಿದ ಮೂರ್ತಿಯಾದುದರಿಂದ ಆ ಸ್ಥಳಕ್ಕೆ ಕೆಂಗಲ್ಲು ಎಂಬ ಹೆಸರು ಬಂದಿತೆಂದು ಪ್ರತೀತಿ. ಆ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿ, ನಾಡಿನಲ್ಲೆಲ್ಲಾ ಅದನ್ನು ಪರಿಚಿತಗೊಳಿಸಿದವರು ಶ್ರೀ ಹನುಮಂತಯ್ಯನವರು. ವಿಧಾನಸೌಧವನ್ನು ಕಟ್ಟಿಸಿದ ಮುಖ್ಯಮಂತ್ರಿಗಳೆಂದು ಅವರನ್ನು ಶಾಲಾ ಬಾಲಕರೂ ಬಲ್ಲರು. ಆದರೆ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು ಹೊರಬಂದ ಹಳ್ಳಿಯ ತರುಣನೊಬ್ಬನು ತನ್ನ ಮುಂದಿದ್ದ ದಾರಿಗಳಲ್ಲಿ ಯಾವುದನ್ನು ಹಿಡಿದನು, ಹಿಡಿದುದನ್ನು ಏಕೆ ಬಿಟ್ಟನು, ಬಿಟ್ಟದ್ದಕ್ಕೆ ಏನು ಬೆಲೆ ತೆತ್ತನು ಎಂಬ ದೃಷ್ಟಿಯಿಂದ ಅವರ ಜೀವನವನ್ನು ನೋಡಿದವರು ವಿರಳ. ನಮ್ಮ ಶಾಲೆಯಿಂದ ಹೋಗಿ ಪದವೀಧರರಾದ ತರುಣರು ವರ್ಷಕ್ಕೊಮ್ಮೆಯಾದರೂ ಹಳೆಯ ಉಪಾಧ್ಯಾಯರನ್ನು ಕಾಣಲು ಬಂದು ಮುಂದೇನು ಮಾಡಬೇಕೆಂದು ಕೇಳುವುದು ವಾಡಿಕೆ. ಅಂಥವರಿಗೆ ನಮ್ಮದೇ ನೆಲದ ಒಂದು ಉದಾಹರಣೆಯಾಗಿ ಈ ಜೀವನಕಥನವನ್ನು ಇಲ್ಲಿ ನಿರೂಪಿಸಿದೆ.

ಹನುಮಂತಯ್ಯನವರು ಜನಿಸಿದ್ದು ೧೯೦೮ರ ಫೆಬ್ರವರಿ ತಿಂಗಳಲ್ಲಿ, ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿ ಎಂಬ ಸಣ್ಣ ಗ್ರಾಮದ ಒಕ್ಕಲಿಗ ಕುಟುಂಬದಲ್ಲಿ. ರಾಮನಗರಕ್ಕೆ ಅಂದು ಕ್ಲೋಸ್‌ಪೇಟೆ ಎಂಬ ಹೆಸರಿದ್ದಿತು. ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ನೆನಪಿಗಾಗಿ ಇಟ್ಟ ಹೆಸರದು. ಬಂಡೆಗಳ ನಡುವೆ ರಾಗಿ ಬೆಳೆಯುವ, ರೇಷ್ಮೆಹುಳು ಸಾಕುವ ಸೀಮೆ. ಮಾಗಡಿ, ಕನಕಪುರ, ಚನ್ನಪಟ್ಟಣದ ಹಳ್ಳಿಗಳಂತೆ ಇಲ್ಲಿಯೂ ಹೊಲದ ಕೆಲಸವನ್ನು ಬಿಟ್ಟು ಪ್ರೌಢಶಾಲೆಗೆ ಹೋಗುವ ಹುಡುಗರು ಬೆರಳೆಣಿಕೆಯಷ್ಟು ಮಾತ್ರ. ಕಾಲೇಜಿನ ಮೆಟ್ಟಿಲು ಹತ್ತುವವರು ಅವರಲ್ಲಿಯೂ ಅಪರೂಪ. ಅಂಥ ಕಡೆಯಿಂದ ಹೊರಟ ಹುಡುಗನು ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿ ೧೯೩೦ರಲ್ಲಿ ಬಿ.ಎ. ಪದವೀಧರನಾದನು.

ಆ ಕಾಲದಲ್ಲಿ ಈ ಪದವಿಯ ಅರ್ಥವೇನಾಗಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ೧೯೧೬ರಲ್ಲಿ. ಅದಕ್ಕೂ ಹಿಂದಿನಿಂದ ಸಂಸ್ಥಾನದ ಸರ್ಕಾರಿ ಹುದ್ದೆಗಳು ಬಹುಮಟ್ಟಿಗೆ ಒಂದೇ ಸಮುದಾಯದ ವಿದ್ಯಾವಂತರ ಕೈಯಲ್ಲಿದ್ದವು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಮುಂತಾದವರು ತಮಗೂ ಪಾಲು ಬೇಕೆಂದು ಮಹಾರಾಜರಿಗೆ ಮನವಿ ಸಲ್ಲಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲಾದರೂ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂಬುದು ಆ ಸಮಿತಿಯ ಸಲಹೆಯ ಸಾರ. ೧೯೨೧ರಲ್ಲಿ ಸರ್ಕಾರ ಅದಕ್ಕೆ ಅನುಗುಣವಾಗಿ ಆಜ್ಞೆ ಹೊರಡಿಸಿತು. ಆದುದರಿಂದ ೧೯೩೦ರಲ್ಲಿ ಒಕ್ಕಲು ಮನೆತನದ ಹುಡುಗನೊಬ್ಬನು ಬಿ.ಎ. ಆದನೆಂದರೆ ಸರ್ಕಾರಿ ಕಚೇರಿಯ ಬಾಗಿಲು ಅವನಿಗಾಗಿ ಅರ್ಧ ತೆರೆದೇ ಇರುತ್ತಿತ್ತು. ಶೇಕದಾರಿಕೆಯಿಂದ ಆರಂಭಿಸಿ ಅಮಲ್ದಾರಿಕೆಯವರೆಗೆ ಏರಬಹುದೆಂಬುದು ಆ ಕಾಲದ ಪ್ರತಿಯೊಂದು ಮನೆಯ ಕನಸು. ಊರಿಗೂ ಅದು ಹೆಮ್ಮೆ, ನೆಂಟರಿಗೂ ಅದು ಆಸರೆ. ಇಷ್ಟಾದರೂ ಆ ವರ್ಷಗಳು ಲೋಕವ್ಯಾಪಿಯಾದ ಆರ್ಥಿಕ ಮುಗ್ಗಟ್ಟಿನ ವರ್ಷಗಳೆಂಬುದನ್ನು ಮರೆಯುವಂತಿಲ್ಲ. ಬಾಗಿಲು ತೆರೆದಿದ್ದರೂ ಒಳಗಿನ ಕುರ್ಚಿಗಳ ಸಂಖ್ಯೆ ಹೆಚ್ಚಿರಲಿಲ್ಲ.

ಇಲ್ಲಿ ಒಂದು ಉಪಕಥೆಯನ್ನು ಹೇಳಬಹುದು. ಇದೇ ರಾಮನಗರದಲ್ಲಿ ಹುಟ್ಟಿದವರು, ಹನುಮಂತಯ್ಯನವರ ಸಮಕಾಲೀನರು, ಶ್ರೀ ಜಿ. ಪಿ. ರಾಜರತ್ನಂ. ಅವರು ೧೯೩೧ರಲ್ಲಿ ಕನ್ನಡದಲ್ಲಿ ಎಂ.ಎ. ಆದರು. ಅಷ್ಟು ದೊಡ್ಡ ಪದವಿ ಕೈಯಲ್ಲಿದ್ದರೂ ತಕ್ಕ ಕೆಲಸ ದೊರೆಯಲಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಮಾಡಬೇಕಾಯಿತು. ಆ ಪಾಠದ ಕೋಣೆಯಿಂದಲೇ ಕನ್ನಡದ ಶಿಶುಗೀತೆಗಳು ಹೊರಬಂದವು. ಕಾಲೇಜಿನ ಅಧ್ಯಾಪಕ ವೃತ್ತಿ ಬಂದದ್ದು ಆಮೇಲೆ. ೧೯೭೮ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಒಂದೇ ಊರು, ಒಂದೇ ಕಾಲ, ಒಂದೇ ವಿಶ್ವವಿದ್ಯಾನಿಲಯ. ಆದರೂ ಇಬ್ಬರ ದಾರಿ ಎಷ್ಟು ಬೇರೆಯಾಯಿತೆಂಬುದನ್ನು ಓದುಗರು ಗಮನಿಸಬೇಕು.

ಹನುಮಂತಯ್ಯನವರು ಸರ್ಕಾರಿ ನೌಕರಿಯ ಕಡೆಗೆ ತಿರುಗಲಿಲ್ಲ. ಕಾನೂನು ಓದಲು ಪೂನಾ ನಗರಕ್ಕೆ ಹೋದರು. ಬೆಂಗಳೂರಿನಲ್ಲಿ ಕಾನೂನು ಕಾಲೇಜು ಪ್ರಾರಂಭವಾದದ್ದು ೧೯೪೮ರಲ್ಲಿ. ಅದಕ್ಕೆ ಹಿಂದೆ ವಕೀಲರಾಗಬಯಸುವ ಮೈಸೂರಿನ ವಿದ್ಯಾರ್ಥಿಗಳು ಮದರಾಸಿಗೋ ಮುಂಬಯಿಗೋ ಪೂನಾಕ್ಕೋ ಹೋಗಬೇಕಾಗಿತ್ತು. ಪರಸ್ಥಳದ ವಾಸ, ಪರಭಾಷೆಯ ಊರು, ಮತ್ತೆರಡು ವರ್ಷಗಳ ಖರ್ಚು. ಪದವಿಯಾದ ಮಗನು ಸಂಬಳ ತರುವ ಬದಲು ಮತ್ತೆ ಹಣ ಕೇಳುವನೆಂದರೆ ಬೇಸಾಯಗಾರರ ಮನೆಗೆ ಅದೇನೂ ಹಗುರವಾದ ಮಾತಲ್ಲ. ಅವರು ಪೂನಾದಲ್ಲಿ ಓದುತ್ತಿದ್ದ ಕಾಲ ಸತ್ಯಾಗ್ರಹದ ಕಾಲವೂ ಆಗಿತ್ತು. ಗಾಂಧೀಜಿಯವರನ್ನು ಇರಿಸಿದ್ದ ಯರವಡಾ ಸೆರೆಮನೆ ಆ ನಗರದ ಅಂಚಿನಲ್ಲಿಯೇ ಇದ್ದಿತು. ೧೯೩೨ರಲ್ಲಿ ಅವರು ಎಲ್.ಎಲ್.ಬಿ. ಪದವಿ ಪಡೆದರು. ಗಾಂಧೀಜಿಯವರ ಉಪವಾಸ, ಅದನ್ನು ಹಿಂಬಾಲಿಸಿದ ಪೂನಾ ಒಪ್ಪಂದ, ಇವೆರಡೂ ಅದೇ ವರ್ಷದ ಸೆಪ್ಟೆಂಬರಿನವು. ಪಠ್ಯಪುಸ್ತಕದ ಕಾನೂನೊಂದು ಕಡೆ, ಕಾನೂನನ್ನು ಮುರಿದು ಸೆರೆಮನೆ ಸೇರಿದ ಮಹಾತ್ಮರೊಂದು ಕಡೆ. ಪೂನಾದ ಯಾವ ವಿದ್ಯಾರ್ಥಿಯೂ ಇದನ್ನು ಕಾಣದೆ ಇರುವಂತಿರಲಿಲ್ಲ.

ಬೆಂಗಳೂರಿಗೆ ಹಿಂದಿರುಗಿ ಅವರು ವಕೀಲಿ ವೃತ್ತಿಯನ್ನು ಕೈಗೊಂಡರು. ವಕೀಲರ ಮನೆಯಲ್ಲಿ ಹುಟ್ಟಿದ ತರುಣನಿಗೆ ತಂದೆಯ ಕಕ್ಷಿಗಾರರೂ ತಂದೆಯ ಪುಸ್ತಕಗಳೂ ಸಿದ್ಧವಾಗಿರುತ್ತವೆ. ಹಳ್ಳಿಯಿಂದ ಬಂದವನಿಗೆ ಇರುವುದು ತನ್ನ ಮಾತು, ತನ್ನ ಶ್ರಮ ಮತ್ತು ಕೋರ್ಟಿನ ಕೆಲಸಕ್ಕೆ ಪಟ್ಟಣಕ್ಕೆ ಬರುವ ತನ್ನ ಸೀಮೆಯ ರೈತರು. ಹನುಮಂತಯ್ಯನವರ ವಾಗ್ಮಿತೆಯನ್ನು ಮುಂದೆ ಶಾಸನಸಭೆಯೂ ಲೋಕಸಭೆಯೂ ಕಂಡವು. ನ್ಯಾಯಾಲಯದಲ್ಲಿಯೇ ನಿಂತಿದ್ದರೆ ಅವರು ದೊಡ್ಡ ವಕೀಲರಾಗುತ್ತಿದ್ದರೆಂದು ಹೇಳಲು ಅಡ್ಡಿಯಿಲ್ಲ. ಆದರೆ ಅವರು ನಿಲ್ಲಲಿಲ್ಲ. ಮೊದಲನೆಯ ಪದವಿಯಿಂದ ಬಹುದಾಗಿದ್ದ ನೌಕರಿಯನ್ನು ಬಿಟ್ಟಂತೆ ಎರಡನೆಯ ಪದವಿ ಕೊಟ್ಟ ವೃತ್ತಿಯನ್ನೂ ಕ್ರಮೇಣ ಬದಿಗಿಟ್ಟರು.

ಅದಕ್ಕೆ ಕಾರಣ ಮೈಸೂರು ಸಂಸ್ಥಾನದಲ್ಲಿ ಅಂದು ಎದ್ದ ರಾಜಕೀಯ ಜಾಗೃತಿ. ಬ್ರಾಹ್ಮಣೇತರರ ಪಕ್ಷಗಳು ಒಂದಾಗಿ ರಚಿಸಿದ್ದ ಪ್ರಜಾ ಸಂಯುಕ್ತ ಪಕ್ಷವು ೧೯೩೭ರಲ್ಲಿ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ಹಳ್ಳಿಯ ಒಕ್ಕಲು ಜನ, ಲಿಂಗಾಯತ ಸಮಾಜದ ಮುಂದಾಳುಗಳು, ಪೇಟೆಯ ವಕೀಲರು ಒಂದೇ ವೇದಿಕೆಗೆ ಬಂದರು. ೧೯೩೮ರ ಏಪ್ರಿಲ್ ತಿಂಗಳಲ್ಲಿ ಚನ್ನಪಟ್ಟಣಕ್ಕೆ ಅನತಿದೂರದಲ್ಲಿರುವ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿ, ನಿಷೇಧಾಜ್ಞೆಯ ನಡುವೆಯೂ ರಾಷ್ಟ್ರಧ್ವಜ ಹಾರಿತು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಇಂಥ ದಿನಗಳಲ್ಲಿ ಹೊಟ್ಟೆಪಾಡಿನ ವೃತ್ತಿಗೂ ನಾಡಿನ ಕೆಲಸಕ್ಕೂ ನಡುವೆ ಆಯ್ಕೆ ಮಾಡಬೇಕಾಗಿ ಬಂದ ಪದವೀಧರರು ಅನೇಕರು. ಕನಕಪುರದ ಎಸ್. ಕರಿಯಪ್ಪನವರೂ ಚಳವಳಿಯ ಮಾರ್ಗದಲ್ಲಿ ನಡೆದು, ಗ್ರಾಮಾಂತರ ವಿದ್ಯಾಸಂಸ್ಥೆಗಳನ್ನು ಕಟ್ಟುವುದರಲ್ಲಿ ತಮ್ಮ ನೆಲೆಯನ್ನು ಕಂಡುಕೊಂಡರು. ಹನುಮಂತಯ್ಯನವರು ಶಾಸನಸಭೆಯ ಮಾರ್ಗವನ್ನು ಆರಿಸಿಕೊಂಡರು. ಆ ದಾರಿಯೂ ಸುಗಮವಾಗಿರಲಿಲ್ಲ. ಸೆರೆಮನೆಯ ವಾಸ ಅವರಿಗೆ ಹಲವು ಬಾರಿ ಒದಗಿತು. ವಕೀಲನು ಪದೇ ಪದೇ ಸೆರೆಗೆ ಹೋದರೆ ಅವನ ಕಕ್ಷಿಗಾರರು ಬೇರೊಬ್ಬರನ್ನು ಹುಡುಕಿಕೊಳ್ಳುವುದು ಸಹಜವೇ.

೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಹುಟ್ಟಿದ ಪ್ರಜಾಪ್ರತಿನಿಧಿ ಸಭೆ ಸಂಸ್ಥಾನದ ಜನರ ಅಹವಾಲುಗಳನ್ನು ಕೇಳುವ ಸ್ಥಾನ. ಅಧಿಕಾರ ಅದಕ್ಕೆ ಸ್ವಲ್ಪವೇ. ಆದರೆ ಮಾತಿಗೆ ಅವಕಾಶವಿತ್ತು. ಅಲ್ಲಿ ಹನುಮಂತಯ್ಯನವರ ಶಕ್ತಿ ಹೊರಪಟ್ಟಿತು. ೧೯೪೪ರಲ್ಲಿ ಅವರು ಆ ಸಭೆಯ ಕಾಂಗ್ರೆಸ್ ಪಕ್ಷದ ನಾಯಕರಾಗಿ ಆಯ್ಕೆಯಾದರು. ಆಗ ಅವರ ವಯಸ್ಸು ಮೂವತ್ತಾರು.

೧೯೪೭ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತು. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಅದರಲ್ಲಿ ಹನುಮಂತಯ್ಯನವರು ಇರಲಿಲ್ಲ. ಹದಿನೈದು ವರ್ಷಗಳ ಹಿಂದೆ ಅಮಲ್ದಾರಿಕೆಯ ಆಸೆಯನ್ನು ಬಿಟ್ಟು, ಆಮೇಲೆ ವಕೀಲಿಯನ್ನೂ ಬಿಟ್ಟು ಬಂದವರಿಗೆ ಫಲದ ಕಾಲದಲ್ಲಿ ಬಂದದ್ದು ಇದು. ಮುಂದಿನ ನಾಲ್ಕು ವರ್ಷಗಳನ್ನು ಅವರು ಅಧಿಕಾರದ ಹೊರಗೆ, ಆದರೆ ಕೆಲಸದ ಒಳಗೆ ಕಳೆದರು. ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿನ ಸದಸ್ಯರಾಗಿ ಕುಳಿತರು. ಸಿದ್ಧವಾದ ಸಂವಿಧಾನದ ಸ್ವರೂಪ ನಮ್ಮ ನೆಲದ ಶ್ರುತಿಗೆ ಕೂಡಿಲ್ಲ, ಅದರಲ್ಲಿ ಪರದೇಶದ ವಾದ್ಯದ ಧ್ವನಿಯೇ ಹೆಚ್ಚೆಂಬ ಅಸಮಾಧಾನವನ್ನು ಅವರು ಅಲ್ಲಿ ವ್ಯಕ್ತಪಡಿಸಿದುದುಂಟು. ಈ ಅಭಿಪ್ರಾಯವನ್ನು ನಾವು ಒಪ್ಪಬೇಕಾಗಿಲ್ಲ. ಕಾನೂನಿನ ಪದವಿ ವ್ಯರ್ಥವಾಗಲಿಲ್ಲವೆಂಬುದಕ್ಕೆ ಮಾತ್ರ ಇದೊಂದು ನಿದರ್ಶನ. ಕೋರ್ಟಿನಲ್ಲಿ ಒಂದು ಕಟ್ಟಳೆಯ ಅರ್ಥವನ್ನು ವಾದಿಸಬೇಕಾಗಿದ್ದವರು ಇಡೀ ರಾಷ್ಟ್ರದ ಕಟ್ಟಳೆಯನ್ನು ರೂಪಿಸುವ ಸಭೆಯಲ್ಲಿ ವಾದಿಸಿದರು.

ಮೊದಲನೆಯ ಮಹಾಚುನಾವಣೆಯಲ್ಲಿ ರಾಮನಗರದಿಂದ ಗೆದ್ದು, ೧೯೫೨ರ ಮಾರ್ಚ್ ೩೦ರಂದು ಅವರು ಮೈಸೂರಿನ ಮುಖ್ಯಮಂತ್ರಿಗಳಾದರು. ನಾಲ್ಕು ವರ್ಷಗಳಿಗೂ ಮಿಕ್ಕ ಆ ಆಡಳಿತದ ವಿವರಗಳೆಲ್ಲಾ ಈ ಲೇಖನದ ವ್ಯಾಪ್ತಿಗೆ ಸೇರಿದವಲ್ಲ. ವಿಧಾನಸೌಧದ ವಿಷಯವನ್ನು ಮಾತ್ರ ಬಿಡುವಂತಿಲ್ಲ. ಅದರ ಶಂಕುಸ್ಥಾಪನೆಯನ್ನು ೧೯೫೧ರ ಜುಲೈ ೧೩ರಂದು ಪ್ರಧಾನಿ ನೆಹರೂ ಅವರು ನೆರವೇರಿಸಿದ್ದರು. ಹಿಂದಿನ ನಕ್ಷೆ ಸರಳವಾದ ಕಚೇರಿ ಕಟ್ಟಡದ್ದು. ಹನುಮಂತಯ್ಯನವರು ಅದನ್ನು ತೆಗೆದಿರಿಸಿ, ದ್ರಾವಿಡ ಶೈಲಿಯ ಭವ್ಯ ಮಂದಿರವೊಂದನ್ನು ಕಲ್ಪಿಸಿದರು. ಮುಖ್ಯ ಎಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರು ಆ ಕಲ್ಪನೆಗೆ ರೂಪ ಕೊಟ್ಟರು. ೭೦೦ ಅಡಿ ಉದ್ದ, ೩೫೦ ಅಡಿ ಅಗಲದ ಈ ಕಟ್ಟಡಕ್ಕೆ ಮಲ್ಲಸಂದ್ರ ಮತ್ತು ಹೆಸರಘಟ್ಟದ ಬೆಣಚುಗಲ್ಲು ಬಂದಿತು. ಅಲಂಕಾರಕ್ಕೆ ತುರುವೇಕೆರೆಯ ಕಪ್ಪು ಹಸಿರಿನ ಕಲ್ಲು, ನಮ್ಮ ಮಾಗಡಿಯ ಗುಲಾಬಿ ಬಣ್ಣದ ಕಲ್ಲು. ಸಾವಿರಾರು ಕೂಲಿಗಾರರು, ಅವರಲ್ಲಿ ಬಹುಸಂಖ್ಯೆಯ ಸೆರೆಮನೆಯ ಕೈದಿಗಳೂ ಸೇರಿ ದುಡಿದರು. ೧೯೫೬ರಲ್ಲಿ ಕೆಲಸ ಮುಗಿದಾಗ ಒಂದು ಮುಕ್ಕಾಲು ಕೋಟಿ ರೂಪಾಯಿಗಳಷ್ಟು ವೆಚ್ಚವಾಗಿತ್ತು. ಅಷ್ಟು ಹಣದಲ್ಲಿ ಎಷ್ಟು ಶಾಲೆಗಳನ್ನು, ಎಷ್ಟು ಕೆರೆಗಳನ್ನು ಕಟ್ಟಬಹುದಾಗಿತ್ತೆಂದು ವಿರೋಧಿಗಳು ಕೇಳಿದರು. ಆ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ; ಬಡ ಸಂಸ್ಥಾನಕ್ಕೆ ಅದು ದೊಡ್ಡ ಮೊತ್ತವೇ. ಆದರೆ ಹಳ್ಳಿಯಿಂದ ಬಂದವನೂ ತಲೆಯೆತ್ತಿ ಪ್ರವೇಶಿಸಬಲ್ಲ ಪ್ರಜೆಗಳ ಅರಮನೆಯೊಂದು ಬೇಕೆಂಬ ಅವರ ಹಂಬಲವೂ ಸುಳ್ಳಾಗಿರಲಿಲ್ಲವೆಂದು ನನ್ನ ಭಾವನೆ.

ಜನರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೆರಡು ಕೆಲಸಗಳಿವೆ. ೧೯೫೪ರ ಇನಾಂ ರದ್ಧತಿ ಶಾಸನದಿಂದ ಇನಾಂ ಗ್ರಾಮಗಳ ಗೇಣಿದಾರರಿಗೆ ಭೂಮಿಯ ಮೇಲೆ ಹಕ್ಕು ದೊರೆಯುವ ಮಾರ್ಗವಾಯಿತು. ಮರುವರ್ಷ ಧಾರ್ಮಿಕ ಮತ್ತು ಧರ್ಮಾದಾಯದ ಇನಾಮುಗಳಿಗೂ ಅಂಥದೇ ಶಾಸನ ಬಂದು, ಮಠಗಳು ದೇವಾಲಯಗಳು ತಮ್ಮ ಹಿಡುವಳಿಗಳನ್ನು ಬಿಡಬೇಕಾಯಿತು. ಮಠದ ಆಶ್ರಯದ ಈ ಸಂಚಿಕೆಯಲ್ಲಿ ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಇನ್ನೊಂದು, ಕುಮಾರವ್ಯಾಸನ ಭಾರತವನ್ನು ಸರ್ಕಾರದ ವತಿಯಿಂದ ಸುಲಭ ಬೆಲೆಗೆ ಜನರಿಗೆ ಒದಗಿಸುವ ಯೋಜನೆ. ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಅದು ೧೯೫೮ರಲ್ಲಿ ಹೊರಬಂದಿತು. ಬೆಲೆ ಎರಡೇ ರೂಪಾಯಿ. ಅಷ್ಟರಲ್ಲಿ ಅವರು ಅಧಿಕಾರದಲ್ಲಿ ಇರಲಿಲ್ಲ.

ಅಧಿಕಾರ ಹೋದ ಬಗೆಯೂ ತಿಳಿಯತಕ್ಕದ್ದು. ಕರ್ನಾಟಕದ ಏಕೀಕರಣದ ಪ್ರಶ್ನೆ ಬಂದಾಗ ಹಳೆಯ ಮೈಸೂರಿನ ಅನೇಕ ಮುಖಂಡರು, ಅದರಲ್ಲಿಯೂ ಅವರ ಸಮಾಜದವರೇ ಹಲವರು, ಒಪ್ಪಲಿಲ್ಲ. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯಾಬಲ ಹೆಚ್ಚುವುದು, ಒಕ್ಕಲಿಗರ ಪ್ರಾಬಲ್ಯ ತಗ್ಗುವುದು ಎಂಬ ಲೆಕ್ಕಾಚಾರ ಬಹಿರಂಗವಾಗಿಯೇ ನಡೆಯುತ್ತಿತ್ತು. ತಮ್ಮ ಸ್ಥಾನಕ್ಕೆ ಕುತ್ತು ತರಬಹುದಾದ ವಿಷಯವೆಂದು ಬಲ್ಲವರಾಗಿಯೂ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ಹಾಗೆಂದು ಅವರ ಪತನಕ್ಕೆ ಇದೊಂದೇ ಕಾರಣವೆನ್ನುವುದು ಸರಿಯಲ್ಲ. ಸಹೋದ್ಯೋಗಿಗಳನ್ನು ಜೊತೆಗೆ ಕರೆದುಕೊಂಡು ಹೋಗುವ ತಾಳ್ಮೆ ಅವರಿಗೆ ಕಡಿಮೆ. ತಮ್ಮ ನಿರ್ಧಾರವೇ ಸರಿಯೆಂಬ ಹಟ ಹೆಚ್ಚು. ಪಕ್ಷದೊಳಗಿನ ಭಿನ್ನಮತ ಬೆಳೆದು ೧೯೫೬ರ ಆಗಸ್ಟಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಗಳಾದರು. ನವೆಂಬರ್ ೧ರಂದು ವಿಶಾಲ ಮೈಸೂರು ಉದಯವಾದಾಗ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳು. ತಾವು ಕಟ್ಟಿಸಿದ ಸೌಧದ ಮುಖ್ಯಪೀಠದಲ್ಲಿ ಕುಳಿತು ರಾಜ್ಯವಾಳುವ ಯೋಗ ಕಟ್ಟಿಸಿದವರಿಗೆ ಬರಲಿಲ್ಲ.

ನಲವತ್ತೆಂಟನೆಯ ವಯಸ್ಸಿನಲ್ಲಿ ಮುಖ್ಯಮಂತ್ರಿ ಪದವಿಯಿಂದ ಇಳಿದವರು ಮುಂದೇನು ಮಾಡಬೇಕು? ಇಪ್ಪತ್ತೆರಡರ ಪದವೀಧರನ ಮುಂದೆ ಇದ್ದ ಪ್ರಶ್ನೆಗಿಂತ ಇದು ಕಠಿನವಾದದ್ದು. ವಕೀಲಿಗೆ ಹಿಂದಿರುಗುವ ದಾರಿ ಹಾಳುಬಿದ್ದು ಬಹುಕಾಲವಾಗಿತ್ತು. ರಾಮನಗರದ ಮತದಾರರು ೧೯೫೭ರಲ್ಲಿ ಮತ್ತೆ ಅವರನ್ನು ಆರಿಸಿದರು. ೧೯೬೨ರಲ್ಲಿ ಅವರು ಬೆಂಗಳೂರಿನಿಂದ ಲೋಕಸಭೆಗೆ ಹೋದರು. ಅಲ್ಲಿ ಅವರಿಗೆ ಮೂರನೆಯ ವೃತ್ತಿಯೆನ್ನಬಹುದಾದ ಕೆಲಸವೊಂದು ಕಾದಿತ್ತು. ೧೯೬೬ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗವನ್ನು ರಚಿಸಿತು. ಹನುಮಂತಯ್ಯನವರು ಅದರ ಸದಸ್ಯರು. ಮರುವರ್ಷದ ಮಾರ್ಚಿನಲ್ಲಿ ದೇಸಾಯಿಯವರು ಉಪಪ್ರಧಾನಿಗಳಾದಾಗ ಅಧ್ಯಕ್ಷಸ್ಥಾನ ಇವರಿಗೆ ಬಂದಿತು. ೧೯೭೦ರವರೆಗೆ ಆ ಆಯೋಗ ಸಲ್ಲಿಸಿದ ವರದಿಗಳು ಒಟ್ಟು ಇಪ್ಪತ್ತು.

ಅವುಗಳಲ್ಲಿ ಸಿಬ್ಬಂದಿ ಆಡಳಿತವನ್ನು ಕುರಿತ ೧೯೬೯ರ ವರದಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಪದವೀಧರನೊಬ್ಬನು ಇಪ್ಪತ್ತರ ಹರೆಯದಲ್ಲಿ ಬರೆದ ಒಂದು ಪರೀಕ್ಷೆಯೇ ಅವನ ಇಡೀ ಉದ್ಯೋಗಜೀವನದ ಎಲ್ಲೆಯನ್ನು ಗೊತ್ತುಮಾಡುತ್ತಿತ್ತು. ಅಂದು ಐ.ಎ.ಎಸ್. ಸೇರಿದವನು ಕೃಷಿಯನ್ನರಿಯದೆಯೂ ಕೃಷಿ ಇಲಾಖೆಯ ತುದಿಗೇರಬಹುದು. ಎಂಜಿನಿಯರನೂ ವೈದ್ಯನೂ ವಿಜ್ಞಾನಿಯೂ ತಮ್ಮ ವಿದ್ಯೆಯಲ್ಲಿ ಎಷ್ಟೇ ಪರಿಣತರಾದರೂ ಅವನ ಕೆಳಗೇ ನಿಲ್ಲಬೇಕು. ಪ್ರತಿಯೊಂದು ಕ್ಷೇತ್ರದ ಮೇಲಿನ ಹುದ್ದೆಗಳು ಆ ಕ್ಷೇತ್ರವನ್ನು ಬಲ್ಲವರಿಗೆ ತೆರೆದಿರಬೇಕು, ನಡುವಯಸ್ಸಿನಲ್ಲಿಯೂ ಅರ್ಹತೆಯಿಂದ ಮೇಲೇರುವ ದಾರಿಯಿರಬೇಕು ಎಂದು ಆಯೋಗ ಸೂಚಿಸಿತು. ಪರೀಕ್ಷೆಗೆ ಕುಳಿತುಕೊಳ್ಳುವ ವಯೋಮಿತಿಯನ್ನು ಇಪ್ಪತ್ತಾರಕ್ಕೆ ಏರಿಸಬೇಕೆಂದಿತು. ಹದಿನೈದು ವರ್ಷ ಸೇವೆ ಮಾಡಿದ ನೌಕರನು ಇಚ್ಛೆಪಟ್ಟರೆ ತಕ್ಕ ಪ್ರಮಾಣದ ಪಿಂಚಣಿಯೊಡನೆ ಹೊರಹೋಗಲು ಅವಕಾಶವಿರಬೇಕೆಂಬುದೂ ಅದರ ಸಲಹೆಗಳಲ್ಲೊಂದು. ದಾರಿ ತಪ್ಪಿ ಸೇರಿದವನಿಗೆ ದಾರಿ ಬದಲಿಸುವ ಹಕ್ಕನ್ನು ಕೊಡುವ ಮಾತಿದು. ಸ್ವತಃ ಎರಡು ಬಾರಿ ದಾರಿ ಬದಲಿಸಿದವರು ಅಧ್ಯಕ್ಷರಾಗಿದ್ದ ಆಯೋಗದಿಂದ ಇದು ಬಂದದ್ದು ಆಕಸ್ಮಿಕವೋ ಅಲ್ಲವೋ ಹೇಳಲಾರೆ. ಸಲಹೆಗಳ ಮುಖ್ಯಭಾಗ, ಅಂದರೆ ವಿಷಯತಜ್ಞರಿಗೆ ಮೇಲಿನ ಹುದ್ದೆಗಳನ್ನು ತೆರೆಯುವ ಭಾಗ, ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು.

ಆಮೇಲಿನದನ್ನು ಸಂಕ್ಷೇಪವಾಗಿ ಹೇಳಬಹುದು. ೧೯೬೯ರಲ್ಲಿ ಕಾಂಗ್ರೆಸ್ ಒಡೆದಾಗ ಅವರು ಶ್ರೀಮತಿ ಇಂದಿರಾ ಗಾಂಧಿಯವರ ಪಕ್ಷದಲ್ಲಿ ನಿಂತರು. ೧೯೭೦ರಲ್ಲಿ ಕಾನೂನು ಮತ್ತು ಸಮಾಜಕಲ್ಯಾಣ ಮಂತ್ರಿಗಳು, ೧೯೭೧ರ ಮಾರ್ಚಿನಿಂದ ೧೯೭೨ರ ಜುಲೈವರೆಗೆ ರೈಲ್ವೆ ಮಂತ್ರಿಗಳು. ೧೯೭೭ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಜನತಾ ಪಕ್ಷದ ಕೆ. ಎಸ್. ಹೆಗ್ಡೆಯವರ ಎದುರು ಸೋತರು. ಹೆಗ್ಡೆಯವರೂ ದಾರಿ ಬದಲಿಸಿದವರೇ. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದು, ಹಿರಿತನವನ್ನು ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ೧೯೭೩ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದವರು. ಕಾನೂನು ಓದಿದ ಇಬ್ಬರು, ಒಬ್ಬರು ವಕೀಲಿಯನ್ನು ಬಿಟ್ಟವರು, ಒಬ್ಬರು ನ್ಯಾಯಪೀಠವನ್ನು ಬಿಟ್ಟವರು, ಮತದಾರರ ಮುಂದೆ ಎದುರಾಳಿಗಳಾಗಿ ನಿಂತದ್ದು ಆ ಚುನಾವಣೆಯ ಒಂದು ವೈಶಿಷ್ಟ್ಯ.

೧೯೮೦ರ ಡಿಸೆಂಬರ್ ೧ರಂದು ಹನುಮಂತಯ್ಯನವರು ನಿಧನರಾದರು. ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆಯಿದೆ. ಬೆಂಗಳೂರಿನ ದೊಡ್ಡ ರಸ್ತೆಯೊಂದಕ್ಕೆ ಅವರ ಹೆಸರಿದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಅವರ ಹೆಸರನ್ನು ಹೊತ್ತ ಕಾಲೇಜೊಂದಿದ್ದು, ಅಲ್ಲಿ ತರುಣರು ವಕೀಲರಾಗಲು ಓದುತ್ತಾರೆ.